ಎಡಗೋಲಿನ ಕಾವು

ಉಗ್ರಪ್ಪನಿಗೆ ಉಗ್ರ ಅನ್ನುವುದು ಹೆಸರಿನಲ್ಲಿ ಮಾತ್ರ. ಗಂಡಸಿಯ ಸಂತೆ ಮಾಳದಲ್ಲಿ, ಹೊಂಗೆ ಮರದಡಿ, ಇಪ್ಪತ್ತಾರು ವರ್ಷ ಎತ್ತುಗಳಿಗೆ ಲಾಳ ಕಟ್ಟಿದ ಮನುಷ್ಯ. ಒಂದು ದಿನವೂ ಒಂದು ಎತ್ತಿನ ಮೇಲೆ ದನಿ ಎತ್ತಿದ್ದನ್ನು ಕಂಡವರಿಲ್ಲ. ಹಟ ಅಂತ ಇದ್ದರೆ ಅದು ಸುತ್ತಿಗೆಯ ವಿಷಯದಲ್ಲಿ. ಆ ಒಂದು ಹಟದಿಂದಲೇ ಇಷ್ಟೆಲ್ಲ ಆಯಿತು ಅಂತ ಈಗ ಹೇಳಬಹುದು. ಆಗ ಹೇಳಿದ್ದರೆ ಆಸಾಮಿ ಕೇಳುತ್ತಿದ್ದನೇ?

ಸುತ್ತಿಗೆ ಅವನ ಅಪ್ಪನದು. ಕಬ್ಬಿಣದ ತಲೆಗೆ ಏನೂ ಆಗಿರಲಿಲ್ಲ, ಇನ್ನೂ ಎರಡು ತಲೆಮಾರು ಬಾಳುವಂಥದ್ದು. ಸವೆದದ್ದು ಕಾವು. ಇಬ್ಬರ ಕೈಯ ಬೆವರನ್ನೂ ಎಣ್ಣೆಯನ್ನೂ ಕುಡಿದು ಆ ಮರದ ಹಿಡಿ ಕರ್ರಗಾಗಿತ್ತು. ಹೆಬ್ಬೆರಳು ಕೂರುವ ಕಡೆ ಹಳ್ಳ ಬಿದ್ದು ನಡು ಸಣ್ಣಗಾಗಿತ್ತು. ತೊಂಬತ್ತೇಳರ ಬೇಸಿಗೆಯಲ್ಲಿ ಅದು ಉದ್ದಕ್ಕೆ ಸೀಳಿತು. ಸೀಳಿದ ಮೇಲೆ ಬದಲಾಯಿಸಬೇಕು, ಇದಕ್ಕೇನು ಶಾಸ್ತ್ರ ಕೇಳಬೇಕೇ? ಉಗ್ರಪ್ಪ ಮಾತ್ರ ತಂತಿ ಸುತ್ತಿದ.

"ಅಲ್ಲ ಕಣ್ರೀ, ಹೊಸ ಕಾವು ಹಾಕುದ್ರೆ ನಿಮ್ಮಪ್ಪ ಬಂದು ಯಾಕೆ ಹಾಕ್ದೆ ಅಂತ ಕೇಳ್ತಾರಾ?" ಅಂದಳು ಹೆಂಡತಿ ಪುಟ್ಟಲಕ್ಷ್ಮಮ್ಮ. "ತಂತಿ ಸುತ್ತಿ, ತಂತಿ ಸುತ್ತಿ, ಅದೇನು ಮುರಿದ ಕಾಲಾ ಕಟ್ಟು ಹಾಕಕ್ಕೆ?"

"ನಿಂಗೆ ಗೊತ್ತಾಗಲ್ಲ ಸುಮ್ನಿರೇ. ಇದು ನನ್ನ ಕಿವಿ ಕಣೇ," ಅಂದ ಉಗ್ರಪ್ಪ.

ಸುಳ್ಳಲ್ಲ. ಲಾಳ ಕಟ್ಟುವವನಿಗೆ ಕಣ್ಣಿಗಿಂತ ಕಿವಿ ಮುಖ್ಯ. ಎತ್ತಿಗೆ ಹಗ್ಗ ಹಾಕಿ ಕೆಡವಿ, ನಾಲ್ಕೂ ಕಾಲು ಸೇರಿಸಿ ಕಟ್ಟಿ, ಗೊರಸು ಹೆರೆದು, ಕಾಲಿಗೆ ಎರಡೆರಡು ಲಾಳದಂತೆ ಇಟ್ಟು ಮೊಳೆ ಹೊಡೆಯುತ್ತಾನಲ್ಲ, ಆ ಮೊಳೆ ಗೊರಸಿನೊಳಗೆ ಎತ್ತ ಹೋಗುತ್ತಿದೆ ಅಂತ ಯಾರ ಕಣ್ಣಿಗೂ ಕಾಣುವುದಿಲ್ಲ. ಹೊರಗಿನ ಗಟ್ಟಿಯಲ್ಲೇ ಹೋದರೆ ಟಣ್ ಟಣ್ ಅನ್ನುತ್ತದೆ. ಒಳಗಿನ ಜೀವಕ್ಕೆ ಇಳಿದರೆ ದಪ್ ಅನ್ನುತ್ತದೆ. ದಪ್ ಅಂದ ಕೂಡಲೇ ಕೈ ನಿಲ್ಲಿಸಬೇಕು, ಮೊಳೆ ಕೀಳಬೇಕು, ತೂತಿಗೆ ಔಷಧಿ ಹಾಕಿ ಆ ಲಾಳವನ್ನು ಆವತ್ತಿಗೆ ಬಿಡಬೇಕು. ಅಪ್ಪ ಅವನಿಗೆ ಕಲಿಸಿದ್ದರಲ್ಲಿ ಮುಕ್ಕಾಲು ಪಾಲು ಇದೇ. ಆದರೆ ಸೀಳಿದ ಕಾವು, ಸುತ್ತಿದ ತಂತಿ, ಇವುಗಳ ನಡುವೆ ಸುತ್ತಿಗೆಗೆ ಬೇರೆಯದೇ ಒಂದು ಗರಗರ ಸೇರಿಕೊಂಡಿತ್ತು. ಒಳ್ಳೆಯ ಏಟೂ ಒಮ್ಮೊಮ್ಮೆ ದಪ್ ಅನ್ನುತ್ತಿತ್ತು.

ಜೂನ್ ತಿಂಗಳ ಒಂದು ಸಂತೆಯ ದಿನ ಹಿರೇಕಟ್ಟೆಯ ಗಂಗಾಧರಪ್ಪ ಜೋಡಿ ಎತ್ತು ಹೊಡೆದುಕೊಂಡು ಬಂದ. ಹಿರೇಕಟ್ಟೆ ಅಂದರೆ ಗಂಡಸಿಗೆ ಎರಡು ಮೈಲಿ, ತೆಂಗಿನ ತೋಟಗಳ ನಡುವಿನ ಸಣ್ಣ ಹಳ್ಳಿ. ಗಂಗಾಧರಪ್ಪನಿಗೆ ಅರವತ್ತರ ಹತ್ತಿರ. ಊರಲ್ಲಿ ಎಲ್ಲರೂ ಟ್ರ್ಯಾಕ್ಟರಿಗೆ ಹೇಳುತ್ತಿದ್ದ ಕಾಲದಲ್ಲೂ ಕೆಂಚ, ಬೂದ ಅಂತ ಎರಡು ಹಳ್ಳಿಕಾರ್ ಎತ್ತುಗಳನ್ನು ಕಟ್ಟಿಕೊಂಡು ಗಾಡಿ ಹೊಡೆಯುತ್ತಿದ್ದವನು. ಕೆಂಚ ಎಡಗೋಲು, ಅಂದರೆ ನೊಗದ ಎಡಗಡೆ ಹೂಡುವುದು, ಬೂದ ಬಲಗೋಲು. ಕರುವಾಗಿದ್ದಾಗಿಂದ ಹಾಗೇ. ಕಟ್ಟಿದರೂ ಬಿಟ್ಟರೂ ಬೂದ ನಿಲ್ಲುತ್ತಿದ್ದದ್ದು ಕೆಂಚನ ಬಲಕ್ಕೇ.

"ಬೇಗ ಆಗ್ಬೇಕು ಕಣಪ್ಪ ಉಗ್ರ. ಕಾಯಿ ಗಾಡಿಗೆ ತುಂಬಿ ನಿಂತೈತೆ. ಅರಸೀಕೆರೆಯಿಂದ ಲಾರಿ ಹೊಂಟೋದ್ರೆ ನನ್ನ ಕತೆ ಮುಗೀತು," ಅಂದ.

ಕೆಂಚನ ಎಡ ಮುಂಗಾಲು, ಹೊರಗಿನ ಲಾಳ, ಮೂರನೇ ಮೊಳೆ. ದಪ್ ಅಂತು.

ಕೆಂಚನ ಮೈಯಲ್ಲಿ ಒಂದು ನಡುಕ ಹಾದುಹೋಯಿತು. ಉಗ್ರಪ್ಪನ ಕೈ ಗಾಳಿಯಲ್ಲೇ ನಿಂತಿತು. ತಲೆಯೆತ್ತಿ ಗಂಗಾಧರಪ್ಪನ ಮುಖ ನೋಡಿದ. ಗಂಗಾಧರಪ್ಪ ಹಗ್ಗ ಹಿಡಿದು ರಸ್ತೆ ಕಡೆ ನೋಡುತ್ತಿದ್ದ. "ಆಗ್ಲಿ ಆಗ್ಲಿ, ಬೇಗ," ಅಂದ. ಇದು ಕಾವಿನ ಸದ್ದೇ, ಹಾಳು ತಂತಿಯದೇ ಸದ್ದು ಅಂತ ಉಗ್ರಪ್ಪ ತನಗೆ ತಾನೇ ಹೇಳಿಕೊಂಡ. ಹೇಳಿಕೊಂಡದ್ದು ಸುಳ್ಳು ಅಂತ ಅವನಿಗೇ ಗೊತ್ತಿತ್ತು. ಮೊಳೆಯ ತುದಿ ಮುರಿದು, ಮಡಿಸಿ, ನಾಲ್ಕನೆಯದಕ್ಕೆ ಕೈ ಹಾಕಿದ.

ಕೆಂಚ ಆರು ದಿನ ಕುಂಟಿತು. ಹದಿನೈದನೇ ದಿನ ನಾಲ್ಕೂ ಕಾಲು ಸೆಟೆದುಕೊಂಡು, ಹಲ್ಲು ಕಚ್ಚಿಕೊಂಡು ಸತ್ತಿತು. ದನದ ಡಾಕ್ಟರು ಧನುರ್ವಾಯು ಅಂದರಂತೆ. ಎಲ್ಲೋ ತುಕ್ಕು ಗಿಕ್ಕು ಚುಚ್ಚಿರಬೇಕು ಅಂದರಂತೆ. ಉಗ್ರಪ್ಪ ಮಾತಾಡಿಸಿಕೊಂಡು ಬರಲು ಹಿರೇಕಟ್ಟೆಗೆ ಹೋದ. ಗಂಗಾಧರಪ್ಪ ಹಟ್ಟಿಯ ಜಗಲಿ ಮೇಲೆ ಕೂತಿದ್ದವನು, "ಯಾರ ಪಾಪವೋ ಏನೋ ಕಣಪ್ಪ," ಅಂದ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಉಗ್ರಪ್ಪ ಕೊಟ್ಟ ಕಾಫಿಯನ್ನು ಅರ್ಧಕ್ಕೇ ಬಿಟ್ಟು ಎದ್ದು ಬಂದ.

ಆಮೇಲಿನ ಸಂತೆಯಲ್ಲಿ ಕಾವು ಎರಡು ಹೋಳಾಗಿ ಕೈಯಲ್ಲೇ ಉಳಿಯಿತು. ತಲೆ ಹಾರಿ ಯಾರದೋ ಸೈಕಲ್ಲಿಗೆ ಬಿತ್ತು. ಅಂತೂ ಹೊಸ ಕಾವು ಬೇಕೇ ಬೇಕಾಯಿತು. ಅರಸೀಕೆರೆಯ ಅಂಗಡಿಯದು ತಂದ, ಅದು ಕೈಯಲ್ಲಿ ಜಾರಿತು. ಜಾಲಿ ಕಡಿದು ಕೆತ್ತಿದ, ಅದು ಏಟಿಗೊಮ್ಮೆ ಮೊಣಕೈವರೆಗೆ ಜುಮ್ಮೆನ್ನಿಸಿತು. ಒಣಗಿ ಪಳಗಿದ ತಡಸಲು ಮರವೇ ಆಗಬೇಕು ಅಂತ ಅವನಿಗೆ ಗೊತ್ತು. ಅಂಥ ತಡಸಲು ಈಗ ಎಲ್ಲಿದೆ? ಎಲ್ಲಿದೆ ಅಂತಲೂ ಗೊತ್ತಿತ್ತು. ಹಿರೇಕಟ್ಟೆಯ ದಾರಿಯಲ್ಲಿ, ಗಂಗಾಧರಪ್ಪನ ತೋಟದ ಬೇಲಿಗೆ ಒರಗಿಸಿಟ್ಟ ನೊಗದಲ್ಲಿತ್ತು.

ಆ ಕಡೆಯ ಹಳಬರಲ್ಲಿ ಒಂದು ನಡಾವಳಿ. ಜೋಡಿ ಒಡೆದರೆ ಆ ನೊಗವನ್ನು ಇನ್ನೊಂದು ಜೋಡಿಗೆ ಹೂಡುವುದಿಲ್ಲ, ಕಡಿಯುವುದಿಲ್ಲ, ಒಲೆಗೆ ಹಾಕುವುದಿಲ್ಲ. ಬೇಲಿಗೋ ಮರಕ್ಕೋ ಒರಗಿಸಿ ಗೆದ್ದಲಿಗೆ ಬಿಡುವುದು. ಉಳಿದ ಎತ್ತು ಸಾಯುವವರೆಗೆ ಅದು ಆ ಎತ್ತಿನದೇ. ಉಗ್ರಪ್ಪ ಬೆಳೆದದ್ದೇ ಇಂಥ ಮಾತಿನ ನಡುವೆ. ಒಂದು ಮಧ್ಯಾಹ್ನ ಗರಗಸ ಚೀಲದಲ್ಲಿಟ್ಟುಕೊಂಡು ಹೋದ. ಬಲದ ತುದಿಗೆ ಆಗಲೇ ಗೆದ್ದಲು ಹತ್ತಿತ್ತು. ಎಡದ ತುದಿ ಗಟ್ಟಿಯಾಗಿತ್ತು, ಹತ್ತು ವರ್ಷ ಕೆಂಚನ ಹೆಗಲು ತಿಕ್ಕಿ ತಿಕ್ಕಿ ಕನ್ನಡಿಯಾಗಿತ್ತು. ಒಂದು ಅಡಿ ಕೊಯ್ದುಕೊಂಡ. ಗೆದ್ದಲು ತಿನ್ನುವುದನ್ನು ಮನುಷ್ಯ ತಗೊಂಡರೆ ಏನು ಗಂಟು ಹೋಯಿತು ಅಂತ ದಾರಿಯುದ್ದಕ್ಕೂ ವಾದ ಮಾಡಿಕೊಂಡು ಬಂದ.

ಅಯ್ಯೋ, ಆ ಕಾವು ಕೂತ ಹದ ಏನು ಹೇಳಲಿ! ಕೆತ್ತಿ, ಗಾಜಿನ ಚೂರಿನಿಂದ ಹೆರೆದು, ತಲೆ ತೊಡಿಸಿ, ಬೆಣೆ ಬಡಿದು ಕೈಗೆತ್ತಿಕೊಂಡರೆ ಹಿಡಿಯಬೇಕಾದ ಕೆಲಸವೇ ಇರಲಿಲ್ಲ, ಅದೇ ಕೈ ಹಿಡಿಯಿತು. ಸದ್ದು ಸ್ವಚ್ಛ. ಉಗ್ರಪ್ಪನ ಕಣ್ಣಲ್ಲಿ ನೀರು ಬಂತು.

ಮುಂದಿನ ಸಂತೆಯಲ್ಲಿ ಮೊದಲು ಬಂದದ್ದು ಒಂದು ತುಂಟ ಹೋರಿ. ಕೆಡವಲು ನಾಲ್ಕು ಆಳು ಬೇಕಿತ್ತು. ಉಗ್ರಪ್ಪ ಸುತ್ತಿಗೆ ಕೈಗೆ ತಗೊಂಡದ್ದೇ ತಡ, ಹೋರಿ ಬುಸುಗುಡುವುದನ್ನು ಬಿಟ್ಟು ಅವನ ಬಲಕ್ಕೆ ಬಂದು ನಿಂತಿತು. ಕತ್ತು ಚಾಚಿ, ತಗ್ಗಿಸಿ, ಕದಲದೆ ನಿಂತಿತು. ಹಗ್ಗ ಮುಟ್ಟಿದರೆ ತಾನೇ ಮಲಗಿತು. ಎರಡನೆಯದೂ ಹಾಗೇ. ಮೂರನೆಯದೂ ಹಾಗೇ.

"ಏನ್ಲಾ ಇದು, ಮಂತ್ರ ಗಿಂತ್ರ ಕಲ್ತ್ಕೊಂಡ್ ಬಂದೆಯಾ?" ಅಂತ ಜನ ನಕ್ಕರು. ಉಗ್ರಪ್ಪನೂ ನಕ್ಕ. ಕೈಗುಣ ಅಂದರು. ಜಾವಗಲ್ಲಿನ ಕಡೆಯಿಂದೆಲ್ಲ ಎತ್ತು ಹೊಡೆದುಕೊಂಡು ಬಂದರು.

ನಗು ಎರಡು ವಾರ ಇತ್ತು. ಆಮೇಲೆ ಅವನಿಗೇ ಒಂದು ಹೊಳೆಯಿತು. ಯಾವ ಎತ್ತೂ ಅವನ ಎಡಕ್ಕೆ ನಿಲ್ಲುತ್ತಿರಲಿಲ್ಲ. ಎಡದಿಂದ ಬಂದದ್ದೂ ಸುತ್ತುಹಾಕಿಕೊಂಡು ಬಲಕ್ಕೇ ಬರುತ್ತಿತ್ತು. ಬಂದು ಕತ್ತು ತಗ್ಗಿಸಿ, ಯಾರೋ ಏನೋ ಇಡುತ್ತಾರೆ ಅಂತ ಕಾಯುತ್ತಿತ್ತು. ಸುತ್ತಿಗೆ ಚೀಲದಲ್ಲಿಟ್ಟು ಮನೆಗೆ ಹೊರಟರೆ ರಸ್ತೆ ಬದಿಯಲ್ಲಿ ಮೇಯುತ್ತಿದ್ದವು ತಲೆಯೆತ್ತಿ ನೋಡುತ್ತಿದ್ದವು. ಮೇವು ಬಾಯಲ್ಲೇ ನಿಂತಿರುತ್ತಿತ್ತು. ಅವನು ಕಣ್ಮರೆಯಾದ ಮೇಲೇ ಅಗಿಯುತ್ತಿದ್ದವು.

ಒಂದು ಬೆಳಗ್ಗೆ ಬೆನ್ನಿಗೆ ನೀರು ಹಾಕುತ್ತಿದ್ದ ಪುಟ್ಟಲಕ್ಷ್ಮಮ್ಮ ಚೊಂಬು ಹಿಡಿದವಳು ಹಾಗೇ ನಿಂತಳು.

"ಇದೇನ್ರೀ ಇದು, ಕತ್ತಿನ ಹಿಂದೆ?"

ಮುಟ್ಟಿ ನೋಡಿಕೊಂಡ. ಎಡ ಹೆಗಲು ಕತ್ತಿಗೆ ಸೇರುವ ಕಡೆ ಅಂಗೈಯಷ್ಟು ಅಗಲ ಚರ್ಮ ದಪ್ಪವಾಗಿ ಜಡ್ಡುಗಟ್ಟಿತ್ತು. ನೋವಿಲ್ಲ, ಕೂದಲಿಲ್ಲ. ಅಂಥ ಜಡ್ಡನ್ನು ಅವನು ದಿನಾ ನೋಡುತ್ತಿದ್ದ, ಮನುಷ್ಯರ ಮೇಲಲ್ಲ ಅಷ್ಟೇ. "ಚೀಲ ಹೊತ್ತು ಹೊತ್ತು ಆಗಿರ್ತದೆ ಬಿಡು," ಅಂದ. ಚೀಲವನ್ನು ಅವನು ಹೊರುತ್ತಿದ್ದದ್ದು ಬಲ ಹೆಗಲಿಗೆ. ಅದು ಅವಳಿಗೂ ಗೊತ್ತು.

ಮಾರನೆಯ ದಿನ ಬಾಗಿಲು ತೆಗೆದರೆ ಅಂಗಳದಲ್ಲಿ ಬೂದ ನಿಂತಿತ್ತು.

ಕೊರಳಲ್ಲಿ ಹರಿದ ಹಗ್ಗ. ಎರಡು ಮೈಲಿ ತಾನೇ ನಡೆದು ಬಂದಿದೆ. ಉಗ್ರಪ್ಪ ಹೊರಗೆ ಬಂದ ಕೂಡಲೇ ಕತ್ತು ತಗ್ಗಿಸಿತು. ತನ್ನ ಎಡಕ್ಕೆ ಒಂದು ಎತ್ತು ಹಿಡಿಯುವಷ್ಟು ಜಾಗ ಬಿಟ್ಟುಕೊಂಡು ನಿಂತಿತ್ತು. ಆ ಜಾಗದಲ್ಲಿ ಕೋಳಿಯೊಂದು ಕೆದಕುತ್ತಾ ಬಂದದ್ದು ಗಕ್ಕನೆ ನಿಂತು, ರೆಕ್ಕೆ ಬಡಿದು ಓಡಿತು.

ಹೊತ್ತೇರಿದ ಮೇಲೆ ಗಂಗಾಧರಪ್ಪ ಹುಡುಕಿಕೊಂಡು ಬಂದ. "ಇಲ್ಲಿಗ್ಯಾಕೆ ಬಂತು ಇದು?" ಅಂದ. ಹಗ್ಗ ಹಿಡಿದು ಎಳೆದ, ಬರಲಿಲ್ಲ. ಬೆನ್ನು ತಟ್ಟಿದ, ಬೈದ, ಬೇಡಿಕೊಂಡ. ಅಕ್ಕಪಕ್ಕದವರು ನಾಲ್ಕು ಜನ ಸೇರಿ ತಳ್ಳಿದರು. ಗೊರಸು ನೆಲಕ್ಕೆ ನಾಟಿದಂತಿತ್ತು. ಕೊನೆಗೆ ಹುಲ್ಲು ತಂದು ಮುಂದೆ ಹಾಕಿದ, ಬೂಸಾ ಕಲಸಿ ಇಟ್ಟ. ಬೂದ ಮೂಸಲೂ ಇಲ್ಲ. ಬಕೆಟ್ಟಿನ ನೀರಿನಲ್ಲಿ ಅದರ ಮುಖ ಕಾಣುತ್ತಿತ್ತು, ಬಾಯಿ ಮಾತ್ರ ತಾಗಲಿಲ್ಲ.

ಎರಡನೇ ದಿನವೂ ಇಲ್ಲ. ಮೂರನೇ ದಿನ ಬೆಳಗ್ಗೆ ಅದರ ಪಕ್ಕೆಲುಬು ಎಣಿಸುವಂತಾಗಿತ್ತು, ಕಣ್ಣು ಒಳಗೆ ಹೋಗಿತ್ತು. ಡಾಕ್ಟರು ಬಂದು ಸೂಜಿ ಚುಚ್ಚಿ, ನೀರು ಕುಡಿಯದಿದ್ದರೆ ಇವತ್ತು ದಾಟುವುದು ಕಷ್ಟ ಅಂದು ಹೋದರು. ಗಂಗಾಧರಪ್ಪ ಅಂಗಳದ ಕಲ್ಲಿನ ಮೇಲೆ ಕೂತು, ಗಂಡಸು ಅನ್ನುವುದನ್ನೂ ಮರೆತು ಅತ್ತ. "ಒಂದು ಹೋಯ್ತು. ಇದೂ ಹೋದ್ರೆ ಆ ಹಟ್ಟಿಗೆ ಹೆಂಗ್ಲಾ ಕಾಲಿಡ್ಲಿ ನಾನು," ಅಂದ. ಯಾರದಾದರೂ ಎತ್ತು ಕೇಳಿ ಗಾಡಿ ತಂದು ಹೇರಿಕೊಂಡು ಹೋಗುತ್ತೇನೆ, ಸಾಯುವುದಾದರೆ ಮನೆಯಲ್ಲೇ ಸಾಯಲಿ ಅಂತ ಹೇಳಿ ಹಿರೇಕಟ್ಟೆಗೆ ಹೊರಟುಹೋದ.

ಉಗ್ರಪ್ಪ ಹೊಸ್ತಿಲ ಮೇಲೆ ಕೂತ. ಪುಟ್ಟಲಕ್ಷ್ಮಮ್ಮ ಬಂದು ಎದುರಿಗೆ ನಿಂತಳು. ಕೈಯಲ್ಲಿ ಸುತ್ತಿಗೆ ಇತ್ತು.

"ಈ ಮರ ಎಲ್ಲಿಂದ ತಂದ್ರಿ? ನನ್ನ ತಲೆ ಮುಟ್ಟಿ ಹೇಳ್ರಿ."

ಹೇಳಿದ. ನೊಗದ್ದು ಹೇಳಿದ, ಅಲ್ಲಿಗೆ ನಿಲ್ಲದೆ ಮೂರನೇ ಮೊಳೆಯದ್ದೂ ಹೇಳಿದ. ತಂತಿ, ಲಾರಿ, ದಪ್ ಅಂದದ್ದು, ಎಲ್ಲ. ಬಾಯಿ ಬಿಟ್ಟ ಮೇಲೆ ನಿಲ್ಲಿಸಲು ಆಗಲಿಲ್ಲ. ಅವಳು ಬೈಯುತ್ತಾಳೆ ಅಂದುಕೊಂಡಿದ್ದ. ಬೈದಿದ್ದರೆ ಚೆನ್ನಾಗಿತ್ತು.

"ಒಂದು ಜೀವ ತಗೊಂಡಿದ್ದಲ್ದೆ ಅದರ ಹೆಗಲನ್ನೂ ಕೊಯ್ಕೊಂಡ್ ಬಂದ್ರಾ," ಅಂದಳು. "ಕೊಟ್ಟು ಬನ್ನಿ. ಹೇಳಿ ಕೊಟ್ಟು ಬನ್ನಿ. ಇದು ನಮ್ಮಂಗಳದಲ್ಲಿ ಸತ್ರೆ ನಾನಂತೂ ಈ ಮನೇಲಿ ಒಲೆ ಹಚ್ಚಲ್ಲ."

ಬೆಣೆ ಬಿಡಿಸಬೇಕು ಅಂತ ಉಳಿ ತಂದರೆ ಬೇಕಾಗಲೇ ಇಲ್ಲ, ಮುಟ್ಟಿದ ಕೂಡಲೇ ಕಬ್ಬಿಣದ ತಲೆ ಕಳಚಿ ಕೆಳಗೆ ಬಿತ್ತು. ಕೈಯಲ್ಲಿ ಕಾವೊಂದೇ ಉಳಿಯಿತು. ಅದನ್ನು ಹಿಡಿದು ಬೂದನ ಮುಂದೆ ಹೋದ. "ಬಾರಪ್ಪ, ಮನೆಗೆ ಹೋಗೋಣ," ಅಂದ. ಬೂದ ಕತ್ತನ್ನು ಇನ್ನೂ ತಗ್ಗಿಸಿತು, ಹೆಜ್ಜೆ ಕೀಳಲಿಲ್ಲ. ಕಾವನ್ನು ಅದರ ಹೆಗಲ ಮೇಲಿಟ್ಟ. ಮೈಯೆಲ್ಲ ಒಂದು ಸಲ ಅದುರಿತು, ಅಷ್ಟೇ. ಎಡಗಣ್ಣು ಪಕ್ಕದ ಖಾಲಿ ಜಾಗವನ್ನೇ ನೋಡುತ್ತಿತ್ತು. ಇಪ್ಪತ್ತಾರು ವರ್ಷ ಎತ್ತಿನ ಜೊತೆ ಬಾಳಿದವನಿಗೆ ಅದು ಏನು ಕೇಳುತ್ತಿದೆ ಅಂತ ಬಿಡಿಸಿ ಹೇಳಬೇಕೇ? ಜೋಡಿ ಇಲ್ಲದೆ ಯಾವ ಬಲಗೋಲಿನ ಎತ್ತು ಹೊರಡುತ್ತದೆ?

ಉಗ್ರಪ್ಪ ಚಪ್ಪಲಿ ಬಿಟ್ಟ. ಬೂದನ ಎಡಕ್ಕೆ ಹೋಗಿ ನಿಂತ. ಕಾವನ್ನು ತನ್ನ ಕತ್ತಿನ ಹಿಂದೆ, ಆ ಜಡ್ಡಿನ ಮೇಲೆ ಅಡ್ಡ ಇಟ್ಟು ಎರಡೂ ಕೈಯಲ್ಲಿ ಹಿಡಿದುಕೊಂಡು ಬಗ್ಗಿದ. ಅದು ಅಲ್ಲಿ ಕೂತುಕೊಂಡಿತು. ಒಂದು ಅಡಿ ಮರ, ಆದರೆ ಇಡೀ ಕಾಯಿಗಾಡಿ ಹೆಗಲಿಗೆ ಬಂದಷ್ಟು ಭಾರ. ಬೂದ ಮೂಗಿನಿಂದ ಉಸಿರು ಬಿಟ್ಟು ಮುಂದಿನ ಕಾಲು ಎತ್ತಿತು.

ಹಗಲು ಹನ್ನೊಂದು ಗಂಟೆ. ಗಂಡಸಿಯ ಬಸ್ ನಿಲ್ದಾಣದ ಮುಂದೆ ಹೋದರು. ಹೋಟೆಲಿನ ಬೆಂಚಿನಲ್ಲಿ ಕೂತಿದ್ದವರು, "ಲೋ ಉಗ್ರಪ್ಪ, ಏನ್ಲಾ ಇದು ಹೊಸ ಜೋಡಿ, ಹಲ್ಲೆಷ್ಟು?" ಅಂತ ಸಂತೆಯಲ್ಲಿ ಎತ್ತಿನ ವಯಸ್ಸು ಕೇಳುವಂತೆ ಕೂಗಿ ನಕ್ಕರು. ಹತ್ತಿರ ಬಂದ ಮೇಲೆ ನಗು ನಿಂತಿತು. ಹಾರ್ನ್ ಹೊಡೆಯುತ್ತಿದ್ದ ಬಸ್ಸಿನವನು ಕೈ ತೆಗೆದ. ಯಾಕೆ ಅಂತ ಉಗ್ರಪ್ಪನಿಗೆ ಮೊದಲು ತಿಳಿಯಲಿಲ್ಲ. ಆಮೇಲೆ ಅವನಿಗೂ ಕೇಳಿಸಿತು.

ಟಾರು ರಸ್ತೆಯ ಮೇಲೆ ಲಾಳದ ಸದ್ದು. ಬೂದನದು ಬಲಗಡೆಯಿಂದ, ಒಂದೇ ಹದ. ಎಡಗಡೆಯಿಂದ, ತನ್ನ ಬರಿಗಾಲಿನ ಕೆಳಗಿನಿಂದ, ಇನ್ನೊಂದು. ನಾಲ್ಕು ಕಾಲಿನ ಲೆಕ್ಕ. ಅದರಲ್ಲಿ ಒಂದು ಕಾಲು ಮಾತ್ರ ಟಕ್ ಅನ್ನುತ್ತಿರಲಿಲ್ಲ, ನೆಲ ಮುಟ್ಟಲು ಹೆದರಿ ಮೆಲ್ಲಗೆ ಊರುತ್ತಿತ್ತು. ಅವನ ಎಡಗಾಲಿನ ಹೆಬ್ಬೆರಳಿನಿಂದ ಒಂದು ನೋವು ಹತ್ತತೊಡಗಿತು, ಕಾದ ಮೊಳೆ ಎಲುಬಿನೊಳಗೆ ಕೂತಂಥದ್ದು. ಆರು ದಿನ ಇದನ್ನು ಊರಿಕೊಂಡು ನಡೆಯಿತಲ್ಲ ಆ ಪ್ರಾಣಿ ಅಂತ ಎಣಿಸಿ ಅವನಿಗೆ ದುಃಖ ಉಕ್ಕಿ ಬಂತು. ತಪ್ಪಾಯ್ತಪ್ಪ, ತಪ್ಪಾಯ್ತು ಅನ್ನುತ್ತಾ ಕುಂಟಿದ. ನಿಂತರೆ ಬೂದ ನಿಲ್ಲುತ್ತಿತ್ತು, ಕಾಯುತ್ತಿತ್ತು. ತಲೆ ಎತ್ತಲು ನೋಡಿದ, ಕತ್ತು ಮೇಲೇಳಲಿಲ್ಲ. ಎರಡು ಮೈಲಿ ಅವನು ನೆಲ ಬಿಟ್ಟು ಬೇರೆ ಏನನ್ನೂ ಕಾಣಲಿಲ್ಲ.

ಹಿರೇಕಟ್ಟೆಯ ಹಟ್ಟಿಯ ಮುಂದೆ ಗಂಗಾಧರಪ್ಪ ಗಾಡಿಗೆ ಹುಲ್ಲು ಹಾಸುತ್ತಿದ್ದ. ಲಾಳದ ಸದ್ದು ಕೇಳಿ, "ಕೆಂಚಾ?" ಅಂತ ತಿರುಗಿದವನು ಹಾಗೇ ಕಲ್ಲಾದ.

"ಗಂಗಾಧರಣ್ಣ," ಅಂದ ಉಗ್ರಪ್ಪ, ನೆಲ ನೋಡಿಕೊಂಡೇ. "ಕೆಂಚನ್ನ ಕೊಂದೋನು ನಾನು. ಮೂರನೇ ಮೊಳೆ ಜೀವಕ್ಕೆ ಹೋಗಿತ್ತು. ಸದ್ದು ನಂಗೆ ಕೇಳಿಸ್ತು, ಕೇಳಿಸಿದ್ರೂ ಕೀಳ್ಲಿಲ್ಲ. ನಿಮ್ಮ ನೊಗಾನೂ ನಾನೇ ಕೊಯ್ದಿದ್ದು. ನನ್ನ ಏನು ಮಾಡ್ತೀರೋ ಮಾಡಿ, ಇದಕ್ಕೆ ಒಂದ್ ಗುಟುಕು ನೀರು ಕುಡ್ಸಿ."

ಗಂಗಾಧರಪ್ಪ ಕೈಯಲ್ಲಿದ್ದ ಹುಲ್ಲು ಕೆಳಗೆ ಹಾಕಿದ. ಹತ್ತಿರ ಬಂದ. ಎತ್ತು ಬಿಚ್ಚುವವರು ಮೊದಲು ಬಲಗೋಲಿನದನ್ನು ಬಿಚ್ಚುತ್ತಾರಲ್ಲ, ಹಾಗೆ ಬೂದನ ಹೆಗಲ ಮೇಲೆ, ಇಲ್ಲದ ನೊಗದ ಮೇಲೆ ಕೈಯಾಡಿಸಿ, "ಹೋ, ಸಾಕು ನಡಿ," ಅಂದ. ಬೂದ ಕತ್ತು ಕೊಡವಿ ನೀರಿನ ತೊಟ್ಟಿಗೆ ಹೋಯಿತು. ಬಾಯಿ ಹಾಕಿತು. ಮೂರು ದಿನದ ಬಾಯಾರಿಕೆ, ಗುಟುಕು ಇಳಿಯುವ ಸದ್ದು ಅಂಗಳಕ್ಕೆಲ್ಲ ಕೇಳುತ್ತಿತ್ತು. ಉಗ್ರಪ್ಪ ಬಗ್ಗಿದಲ್ಲೇ ಬಿಕ್ಕಿದ. ಅವನನ್ನು ಬಿಚ್ಚಲು ಗಂಗಾಧರಪ್ಪ ಇನ್ನೂ ಬಂದಿರಲಿಲ್ಲ.

"ನಂಗೂ ಕೇಳಿಸ್ತು ಕಣೋ," ಅಂದ ಗಂಗಾಧರಪ್ಪ.

"ಏನು?"

"ದಪ್ ಅಂದಿದ್ದು. ನಲವತ್ತು ವರ್ಷದಿಂದ ಎತ್ತು ಕಟ್ಟಿದೀನಿ, ನಂಗೆ ಗೊತ್ತಾಗಲ್ವಾ? ಅದರ ಮೈ ನಡುಗಿದ್ದು ಹಗ್ಗದಲ್ಲಿ ನನ್ನ ಕೈಗೆ ಬಂತು. ಕಿತ್ತು ಹೊಡಿ ಅಂದ್ರೆ ಹೊತ್ತಾಯ್ತದೆ, ಲಾರಿ ಹೊಂಟೋಯ್ತದೆ. ನೀನು ನನ್ನ ಮಖ ನೋಡ್ದೆ. ನಾನು ಬೇಕೂಂತಲೇ ರಸ್ತೆ ಕಡೆ ತಿರುಗ್ದೆ." ತೊಟ್ಟಿಯ ಹತ್ತಿರದ ಬೂದನ ಕಡೆ ನೋಡಿದ. "ನೀನು ಮಾತಾಡಿಸಾಕೆ ಬಂದಾಗ್ಲೂ ಹೇಳ್ಲಿಲ್ಲ. ಯಾರ ಪಾಪವೋ ಅಂದೆ. ಎಂಥಾ ನಾಲಿಗೆ ನಂದು!"

ಎಡಕ್ಕೆ ಬಂದ. ಉಗ್ರಪ್ಪನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ಕತ್ತಿನ ಮೇಲಿಂದ ಕಾವನ್ನು ತೆಗೆದ. ಉಗ್ರಪ್ಪ ನೆಟ್ಟಗಾದ. ಕಾಲಿನ ನೋವು ಹೋಯಿತು, ಆಕಾಶ ಕಂಡಿತು. ಎದುರಿಗೆ ಗಂಗಾಧರಪ್ಪ ಆ ಒಂದು ಅಡಿ ಮರವನ್ನು ತಿರುಗಿಸಿ ತಿರುಗಿಸಿ ನೋಡುತ್ತಿದ್ದ.

"ಬೇಡ ಗಂಗಾಧರಣ್ಣ, ಅದನ್ನ ಬೇಲಿಗೆ ಇಟ್ಬಿಡಿ. ಬೇಡ ಅಂದ್ರೆ ಕೇಳಿ," ಅಂದ ಉಗ್ರಪ್ಪ. ಹೇಳುತ್ತಲೇ ಅವನ ಕಾಲು ಹಿಂದಕ್ಕೆ ಒಂದು ಹೆಜ್ಜೆ ಇಟ್ಟಿತು.

"ನೀನು ಹೊತ್ತಿದ್ದು ನಿಂದು. ನಂದು ಹಂಗೇ ಐತಲ್ಲೋ," ಅಂದ ಗಂಗಾಧರಪ್ಪ. ಅರವತ್ತರ ಮುದುಕ, ಟವೆಲ್ಲು ಕೆಳಗೆ ಹಾಕಿ, ಕಾವನ್ನು ತನ್ನ ಕತ್ತಿನ ಹಿಂದಕ್ಕೆ ಇಟ್ಟುಕೊಂಡು ಬಗ್ಗಿದ.

ತೊಟ್ಟಿಯಲ್ಲಿ ಗುಟುಕಿನ ಸದ್ದು ನಿಂತಿತು. ಬೂದ ಹೊಟ್ಟೆ ತುಂಬ ಕುಡಿದು ತಲೆಯೆತ್ತಿತ್ತು. ಮೂತಿಯಿಂದ ನೀರು ಸುರಿಯುತ್ತಿದ್ದಂತೆಯೇ ಅಂಗಳ ದಾಟಿ ಮೆಲ್ಲಗೆ ಬಂದು, ಗಂಗಾಧರಪ್ಪನ ಬಲಕ್ಕೆ ನಿಂತು, ಕತ್ತು ತಗ್ಗಿಸಿತು.